ಟಿಎ ಒಪ್ಪಂದ: ಸಂಬಳದ ಅಂಕಿಯೊಂದನ್ನೇ ನೋಡಬೇಡಿ

ಅಮೆರಿಕದಲ್ಲಿ ಪಿಎಚ್.ಡಿ. ಓದುವ ನಮ್ಮ ಕಡೆಯ ಮಕ್ಕಳಲ್ಲಿ ಬಹಳಷ್ಟು ಜನ ಟೀಚಿಂಗ್ ಅಸಿಸ್ಟೆಂಟ್, ಅಂದರೆ ಟಿಎ ಕೆಲಸದಲ್ಲೇ ಖರ್ಚು ತೂಗಿಸುತ್ತಾರೆ. ಅಲ್ಲಿನ ಯೂನಿಯನ್ ಮಾತುಕತೆಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ನಮ್ಮ ಯೂನಿಯನ್ ಹೊಸ ಒಪ್ಪಂದಕ್ಕೆ ಮಾತುಕತೆ ಶುರು ಮಾಡುತ್ತಿದೆ. ಸಂಬಳ ಎಷ್ಟು ಏರುತ್ತದೆ ಎಂದು ನೋಡಿಕೊಂಡು ಮತ ಹಾಕಿದರೆ ಸಾಲದೇ?
– ಸಂಶೋಧನಾ ವಿದ್ಯಾರ್ಥಿ, ಕ್ಯಾಲಿಫೋರ್ನಿಯಾ

ಸಾಲದು. ನಿಮ್ಮ ರಾಜ್ಯದ್ದೇ ಉದಾಹರಣೆ ನೋಡಿ. 2022ರ ನವೆಂಬರ್ 14ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಟಿಎಗಳು, ಸಂಶೋಧಕರು ಮುಷ್ಕರ ಹೂಡಿದರು. ಡಿಸೆಂಬರ್ 23ರವರೆಗೆ ಅದು ನಡೆಯಿತು. ವಿದ್ಯಾರ್ಥಿ ನೌಕರರು ಮೊದಲು ಕೇಳಿದ್ದು ವರ್ಷಕ್ಕೆ 54,000 ಡಾಲರ್. ಕೊನೆಗೆ ಟಿಎಗಳಿಗೆ ಸಿಕ್ಕಿದ್ದು ಕನಿಷ್ಠ 34,000. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ ಕ್ಯಾಂಪಸ್‌ಗಳಲ್ಲಿ 36,500. ಮೊದಲಿದ್ದದ್ದು ಸುಮಾರು 23,000. ಹಾಗಾಗಿ ಇದು ದೊಡ್ಡ ಗೆಲುವೇ. ಆದರೆ ಇದು ಅರ್ಧಕಾಲಿಕ (ಶೇ 50) ನೇಮಕದ ಒಂಬತ್ತು ತಿಂಗಳ ಸಂಬಳ, ಪೂರ್ತಿ ಕೈಗೆ ಬಂದದ್ದು 2024ರ ಅಕ್ಟೋಬರ್‌ನಿಂದ. ಬೇಸಿಗೆಯಲ್ಲಿ ಬೇರೆ ಕೆಲಸ ಸಿಗದಿದ್ದರೆ 34,000ವನ್ನು ಹನ್ನೆರಡು ತಿಂಗಳಿಗೆ ಹಂಚಬೇಕು. ಆಗ ತೆರಿಗೆಗೆ ಮುನ್ನ ತಿಂಗಳಿಗೆ 2,833 ಬಂತು. ನೇಮಕ ಶೇ 25ಕ್ಕೆ ಇಳಿದರೆ ಇದರಲ್ಲೂ ಅರ್ಧ.

ಇನ್ನೆರಡು ಕಡೆ ದುಡ್ಡು ಸೋರುತ್ತದೆ. ಒಂದು, ಶುಲ್ಕ. ಯಾವ ಯಾವ ಶುಲ್ಕ ಮನ್ನಾ ಎಂದು ಒಪ್ಪಂದದಲ್ಲಿ ಹೆಸರು ಹೇಳಿ ಬರೆದಿರಬೇಕು. ಅದರಲ್ಲೂ ಹೊರದೇಶದವರು ಕಟ್ಟುವ ಹೆಚ್ಚುವರಿ ಟ್ಯೂಷನ್ ಮನ್ನಾ ಆಗುತ್ತದೆಯೇ, ಎಷ್ಟು ವರ್ಷ ಎಂದು ಹುಡುಕಿ ಓದಿ. ಎರಡು, ವಿಭಾಗದವರು ಸಂಬಳದ ಮೇಲೆ ಕೊಡುತ್ತಿದ್ದ ಫೆಲೋಶಿಪ್. ಸಂಬಳ 5,000 ಏರಿ ಫೆಲೋಶಿಪ್ 5,000 ಇಳಿದರೆ ನಿಮ್ಮ ಕೈಗೆ ಬರುವುದು ಮೊದಲಿನಷ್ಟೇ.

ಮಾತುಕತೆ ನಡೆಯುವುದು ಕಲಮು ಕಲಮಾಗಿ. ಒಂದೊಂದು ಕಲಮು ಒಪ್ಪಿಗೆಯಾದಂತೆ ಎರಡೂ ಕಡೆಯವರು ತಾತ್ಕಾಲಿಕವಾಗಿ ಸಹಿ ಹಾಕುತ್ತಾರೆ. ಆಮೇಲೆ ಅದನ್ನು ಮತ್ತೆ ತೆರೆಯುವುದು ಬಹಳ ಕಷ್ಟ. ಸಂಬಳ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಶುಲ್ಕ, ಕೆಲಸದ ಗಂಟೆಗಳ ಕಲಮುಗಳಿಗೆ ಸಹಿ ಬಿದ್ದುಹೋಗಿದ್ದರೆ ಕೊಟ್ಟು ತೆಗೆದುಕೊಳ್ಳಲು ಯೂನಿಯನ್ ಬಳಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ಈ ಮೂರನ್ನೂ ಒಟ್ಟಿಗೇ ಇಟ್ಟುಕೊಳ್ಳಿ ಎಂದು ನಿಮ್ಮ ಪ್ರತಿನಿಧಿಗಳಿಗೆ ಈಗಲೇ ಹೇಳಿ. ಯಾವ ವಿಭಾಗದಲ್ಲಿ ಎಷ್ಟು ಟಿಎಗಳು, ಯಾರ ನೇಮಕ ಶೇಕಡ ಎಷ್ಟು, ತರಗತಿಯಲ್ಲಿ ಎಷ್ಟು ಮಂದಿ ಎಂಬ ಮಾಹಿತಿಯನ್ನು ಮೊದಲೇ ಲಿಖಿತವಾಗಿ ಕೇಳಬೇಕು. ಮಾತುಕತೆಗೆ ಬೇಕಾದ ಮಾಹಿತಿ ಕೊಡುವುದು ವಿಶ್ವವಿದ್ಯಾಲಯದ ಕರ್ತವ್ಯ, ಕೊಡದಿದ್ದರೆ ಅದೇ ಒಂದು ಕಾನೂನುಬಾಹಿರ ನಡೆ.

ಯಾರೂ ಗಮನಿಸದ ಸಾಲೊಂದಿದೆ: ಒಪ್ಪಂದ ಮುಗಿಯುವ ತಾರೀಕು. ಅವಧಿ ಮುಗಿಯುವವರೆಗೆ ಮುಷ್ಕರ ಮಾಡುವುದಿಲ್ಲ ಎಂಬ ಕಲಮು ಬಹುತೇಕ ಎಲ್ಲ ಒಪ್ಪಂದಗಳಲ್ಲೂ ಇರುತ್ತದೆ. 2022ರ ಒಪ್ಪಂದಕ್ಕೆ 2025ರ ಮೇ 31 ಕೊನೆ ಎಂದಾಯಿತು. ಸೆಮಿಸ್ಟರ್ ಪದ್ಧತಿಯ ಬರ್ಕ್ಲಿ, ಮರ್ಸೆಡ್‌ಗಳಲ್ಲಿ ಅಷ್ಟು ಹೊತ್ತಿಗೆ ಪರೀಕ್ಷೆ ಮುಗಿದು ಕ್ಯಾಂಪಸ್ ಖಾಲಿ. ತಿದ್ದಲು ಉತ್ತರಪತ್ರಿಕೆಯೇ ಇಲ್ಲದ ದಿನ ಕೆಲಸ ನಿಲ್ಲಿಸುತ್ತೇವೆ ಎಂದರೆ ಯಾರಿಗೂ ಬಿಸಿ ತಟ್ಟುವುದಿಲ್ಲ. ಪರೀಕ್ಷೆಗೆ ಮುಂಚೆ ಮುಗಿಯುವ ತಾರೀಕು ಸಿಕ್ಕರೆ, ಅದಕ್ಕಾಗಿ ಸಂಬಳದಲ್ಲಿ ತುಸು ಬಿಟ್ಟುಕೊಟ್ಟರೂ ನಷ್ಟವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ವಾರಕ್ಕೆ 20 ಗಂಟೆ ಎನ್ನುತ್ತಾರೆ, ಆದರೆ ಪೇಪರ್ ತಿದ್ದುವುದರಲ್ಲೇ ರಾತ್ರಿ ಕಳೆಯುತ್ತದೆ. ಒಪ್ಪಂದ ಇದಕ್ಕೆ ಏನು ಮಾಡುತ್ತದೆ?
– ಟಿಎ, ಬರ್ಕ್ಲಿ

ನಿಮ್ಮಲ್ಲಿ ಅರ್ಧಕಾಲಿಕ ಟಿಎಗೆ ಸೆಮಿಸ್ಟರ್‌ಗೆ 340 ಗಂಟೆ ಮಿತಿ (ಕ್ವಾರ್ಟರ್ ಪದ್ಧತಿಯಲ್ಲಿ 220). ಯಾವ ವಾರವೂ 40, ಯಾವ ದಿನವೂ 8 ಗಂಟೆ ದಾಟುವಂತಿಲ್ಲ. ಸೆಮಿಸ್ಟರ್‌ನ ಮೊದಲ ವಾರವೇ ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ. ಪಾಠದ 15 ವಾರಕ್ಕೆ: ಉಪನ್ಯಾಸ ಕೇಳಲು ವಾರಕ್ಕೆ 3 ಗಂಟೆಯಂತೆ 45, ತಯಾರಿಗೆ 45, ಎರಡು ಸೆಕ್ಷನ್ (ಟಿಎ ನಡೆಸುವ ಸಣ್ಣ ಗುಂಪಿನ ತರಗತಿ) ಪಾಠಕ್ಕೆ 30, ಆಫೀಸ್ ಅವರ್‌ಗೆ (ವಿದ್ಯಾರ್ಥಿಗಳು ಬಂದು ಕಾಣುವ ಸಮಯ) 30, ಈಮೇಲ್‌ಗೆ 30, ಸಭೆಗೆ 15. ಇಲ್ಲಿಗೆ 195. 60 ವಿದ್ಯಾರ್ಥಿಗಳು, ತಲಾ 4 ಪ್ರಬಂಧ, ಒಂದಕ್ಕೆ 20 ನಿಮಿಷ ಎಂದರೆ 80 ಗಂಟೆ. ಕೊನೆಯ ಪರೀಕ್ಷೆಗೆ ತಲಾ ಅರ್ಧ ಗಂಟೆಯಂತೆ 30. ಒಟ್ಟು 305, ಮಿತಿಯೊಳಗಿದೆ. ಈಗ ವಿದ್ಯಾರ್ಥಿಗಳು 75 ಆದರು, ಪ್ರಬಂಧಕ್ಕೂ ಅರ್ಧ ಗಂಟೆ ಹಿಡಿಯಿತು ಎನ್ನಿ. ತಿದ್ದುವುದಕ್ಕೇ 150, ಪರೀಕ್ಷೆಗೆ 37.5. ಒಟ್ಟು 382.5. ಗಂಟೆ ಕೂಡುವುದು ಸೆಕ್ಷನ್ ಪಾಠದಿಂದಲ್ಲ, ತಿದ್ದುವ ಕೆಲಸದಿಂದ.

ಈ ಹಾಳೆಯನ್ನು ಪ್ರಾಧ್ಯಾಪಕರಿಗೆ ಈಮೇಲ್‌ನಲ್ಲೇ ಕಳಿಸಿ, ಯಾವುದನ್ನು ಕಡಿಮೆ ಮಾಡಲಿ ಎಂದು ಕೇಳಿ. ಬಾಯಿಮಾತಿನಲ್ಲಿ ಹೇಳಿದ್ದು ದೂರಿನ ಹಂತದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅವರು ಒಪ್ಪದಿದ್ದರೆ ಸೆಮಿಸ್ಟರ್ ಮುಗಿಯುವವರೆಗೆ ಕಾಯದೆ ಯೂನಿಯನ್ ಸ್ಟೂವರ್ಡ್‌ಗೆ (ನಿಮ್ಮಲ್ಲಿನ ಯೂನಿಯನ್ ಪ್ರತಿನಿಧಿಗೆ) ತಿಳಿಸಿ. ದೂರು ಕೊಡಲು ಒಪ್ಪಂದದಲ್ಲೇ ಗಡುವಿರುತ್ತದೆ, ಅದು ಮೀರಿದರೆ ದೂರು ಬಿದ್ದುಹೋಗಬಹುದು. ನಿಮ್ಮಂಥ ಐವತ್ತು ಹಾಳೆಗಳು ಸೇರಿದರೆ ಮುಂದಿನ ಮಾತುಕತೆಯಲ್ಲಿ ಯೂನಿಯನ್ನಿಗೆ ಅದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಪ್ರಶ್ನೆ: ಮಗಳು ಎಫ್-1 ವೀಸಾದಲ್ಲಿದ್ದಾಳೆ. ಮುಷ್ಕರಕ್ಕೆ ಹೋದರೆ ವಾಪಸ್ ಕಳಿಸಿಬಿಡುತ್ತಾರೆಯೇ? ನಮಗೆ ನಿದ್ದೆ ಬರುತ್ತಿಲ್ಲ.
– ಒಬ್ಬ ತಾಯಿ, ಮೈಸೂರು

ನಿಮ್ಮ ಆತಂಕ ಅರ್ಥವಾಗುತ್ತದಮ್ಮ. ಎಫ್-1 ನಿಂತಿರುವುದು ಪೂರ್ಣಾವಧಿ ವಿದ್ಯಾರ್ಥಿಯಾಗಿರುವುದರ ಮೇಲೆ, ಟಿಎ ಕೆಲಸದ ಮೇಲಲ್ಲ. ಯೂನಿಯನ್ ಸೇರಲು ವೀಸಾ ಅಡ್ಡಿಯಲ್ಲ. ಒಂದು ನಿಯಮ ಮಾತ್ರ ತಿಳಿದಿರಲಿ: ಒಂದು ಕಡೆ ಮುಷ್ಕರ ನಡೆಯುತ್ತಿದೆ ಎಂದು ಅಮೆರಿಕದ ಕಾರ್ಮಿಕ ಇಲಾಖೆ ಅಧಿಕೃತವಾಗಿ ದೃಢೀಕರಿಸಿದರೆ, ಅಲ್ಲಿ ಆ ಕೆಲಸ ಮಾಡುವ ಎಫ್-1 ವಿದ್ಯಾರ್ಥಿಗಳ ಕೆಲಸದ ಅನುಮತಿ ಅಷ್ಟು ಕಾಲ ತಡೆಯಲ್ಲಿರುತ್ತದೆ. ತಡೆ ಬೀಳುವುದು ಕೆಲಸಕ್ಕೆ, ಓದಿಗಲ್ಲ.

ನಿಜವಾದ ಪೆಟ್ಟು ಸಂಬಳಕ್ಕೆ. ಕೆಲಸ ನಿಲ್ಲಿಸಿದ ದಿನಗಳ ಸಂಬಳ ಕಡಿತವಾಗಬಹುದು. ಯುಎಡಬ್ಲ್ಯೂ (ಯುನೈಟೆಡ್ ಆಟೊ ವರ್ಕರ್ಸ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟಿಎಗಳೂ ಇದರಲ್ಲೇ) ಯೂನಿಯನ್ ಆದರೆ 2023ರಿಂದ ಮುಷ್ಕರ ನಿಧಿಯಿಂದ ವಾರಕ್ಕೆ 500 ಡಾಲರ್ ಬರುತ್ತದೆ. ಎರಡು ತಿಂಗಳ ಬಾಡಿಗೆಯಷ್ಟು ದುಡ್ಡು ಕೈಯಲ್ಲಿರಲಿ. ರಾಜ್ಯದ ಕಾನೂನನ್ನೂ ವಿಚಾರಿಸಲಿ. ಮಿಶಿಗನ್‌ನಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ನೌಕರರು ಮುಷ್ಕರ ಮಾಡುವುದಕ್ಕೇ ನಿಷೇಧವಿದೆ. ಮತದಾನಕ್ಕೆ ಮುಂಚೆಯೇ ಮಗಳು ಯೂನಿಯನ್ ವಕೀಲರನ್ನೂ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೂ ಕೇಳಿಕೊಳ್ಳಲಿ.

ಪ್ರಶ್ನೆ: ಯೂನಿಯನ್ ಚಂದಾ ಕಡ್ಡಾಯವೇ?
– ವಿದ್ಯಾರ್ಥಿ, ಇರ್ವೈನ್

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅಲ್ಲ. 2018ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅದು ಐಚ್ಛಿಕ. ಯುಎಡಬ್ಲ್ಯೂ ಚಂದಾ ಸಂಬಳದ ಶೇ 1.44, ಅಂದರೆ 3,000 ಡಾಲರ್‌ಗೆ ಸುಮಾರು 43. ಸದಸ್ಯರಲ್ಲದಿದ್ದರೂ ಒಪ್ಪಂದ ನಿಮಗೂ ಅನ್ವಯಿಸುತ್ತದೆ, ಅದರ ಮೇಲೆ ಮತ ಮಾತ್ರ ಇರುವುದಿಲ್ಲ.

ಪ್ರಶ್ನೆ: ನಾನು ಸರ್ಕಾರಿ ಕಾಲೇಜಿನ ಅತಿಥಿ ಉಪನ್ಯಾಸಕ. ನಾವೂ ಹೀಗೆ ಒಪ್ಪಂದ ಮಾಡಿಕೊಳ್ಳಬಹುದೇ?
– ಓದುಗರು, ಶಿವಮೊಗ್ಗ

ಅದೇ ದಾರಿಯಲ್ಲಿ ಸಾಧ್ಯವಿಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯಡಿ ಶಿಕ್ಷಕರು ‘ಕಾರ್ಮಿಕ’ರ ವ್ಯಾಖ್ಯೆಗೆ ಬರುವುದಿಲ್ಲ ಎಂದು 1988ರಲ್ಲೇ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮೇಲೆ ಹೇಳಿದ ಮಾಹಿತಿ ಕೇಳುವ ಕೆಲಸ ನೀವೂ ಮಾಡಬಹುದು. ನಿಮ್ಮ ಕಾಲೇಜಿನಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಅತಿಥಿಗಳಿಗೆ ಹಂಚಿದ ಬೋಧನಾ ಗಂಟೆ ಎಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಹಾಗಾಗಿ ಹುದ್ದೆಗಳಿಗೊಂದು, ಗಂಟೆಗಳಿಗೊಂದು ಬೇರೆ ಬೇರೆ ಅರ್ಜಿ ಬರೆಯಿರಿ.