ಕಾರಿನ ಮುಂದಿನ ಗಾಜಿಗೆ ಕಲ್ಲು ಬಡಿದು ಚಿಪ್ ಆಗಿದೆ: ರಿಪೇರಿ ಮಾಡಿಸಿದರೆ ಪ್ರಯೋಜನ ಇದೆಯಾ?

ಟಿಪ್ಪರ್‌ನಿಂದ ಹಾರಿದ ಜಲ್ಲಿ ಬಡಿದು ಗಾಜಿನ ಎಡಭಾಗದಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಗುರುತು ಬಿದ್ದಿದೆ, ಸರ್ವಿಸ್ ಸೆಂಟರ್‌ನವರು ಇಡೀ ಗಾಜೇ ಬದಲಿಸಿ ಅಂತಿದ್ದಾರೆ, ಆ ಗುರುತಿಗೆ ರೆಸಿನ್ ಅನ್ನುವ ಪಾರದರ್ಶಕ ಅಂಟು ತುಂಬಿಸಿದರೆ ದುಡ್ಡು ದಂಡವಾ ಅಂತ ಕೇಳಿದ್ದೀರಿ. ಖಂಡಿತ ದಂಡ ಅಲ್ಲ. ಆದರೆ ತಡ ಮಾಡಬೇಡಿ, ಈ ವಾರವೇ ಮಾಡಿಸಿ.

ಮುಂದಿನ ಗಾಜು ಲ್ಯಾಮಿನೇಟೆಡ್. ಎರಡು ಗಾಜುಗಳ ಮಧ್ಯೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ ಇರುತ್ತದೆ. ಸಣ್ಣ ಕಲ್ಲು ಸಾಮಾನ್ಯವಾಗಿ ಹೊರಗಿನ ಗಾಜನ್ನಷ್ಟೇ ಒಡೆಯುತ್ತದೆ. ಕಾರಿನ ಒಳಗೆ ಕೂತು ಆ ಜಾಗದ ಮೇಲೆ ಉಗುರು ಎಳೆದು ನೋಡಿ. ಎಲ್ಲೂ ತಡೆಯದಿದ್ದರೆ ಒಳ್ಳೆಯ ಲಕ್ಷಣ.

ನನ್ನ ಕಾರಿಗೂ ನೆಲಮಂಗಲ–ಹಾಸನ ರಸ್ತೆಯಲ್ಲಿ ಹೀಗೇ ಆಗಿತ್ತು. ತುಂಬಿಸುವಾಗ ಪಕ್ಕದಲ್ಲೇ ನಿಂತಿದ್ದೆ. ನೆರಳಲ್ಲೇ ಮಾಡಬೇಕು, ಯಾಕೆಂದರೆ ರೆಸಿನ್ ಬಿಸಿಲು ತಾಗಿದರೆ ಬೇಗ ಗಟ್ಟಿಯಾಗಿಬಿಡುತ್ತದೆ. ಗಾಜಿಗೆ ಅಂಟಿಸಿದ ಸಣ್ಣ ಪಂಪಿನಿಂದ ಮೊದಲು ಬಿರುಕಿನೊಳಗಿನ ಗಾಳಿ ಎಳೆದರು, ಆಮೇಲೆ ಒತ್ತಡ ಕೊಟ್ಟು ರೆಸಿನ್ ಇಳಿಸಿದರು. ನಕ್ಷತ್ರದ ಹಾಗೆ ಹರಡಿದ್ದ ಬಿರುಕಿನ ಗೆರೆಗಳು ಒಂದೊಂದಾಗಿ ಮಾಯವಾಗುತ್ತಾ ಬಂದವು. ಕೊನೆಗೆ ಯುವಿ ದೀಪ ಇಟ್ಟು ಗಟ್ಟಿ ಮಾಡಿ, ಮೇಲೆ ಉಳಿದದ್ದನ್ನು ಬ್ಲೇಡಿನಿಂದ ಹೆರೆದು ಪಾಲಿಶ್ ಮಾಡಿದರು. ಮಂಕಾದ ಒಂದು ಚುಕ್ಕೆ ಉಳಿಯುತ್ತದೆ. ಅದು ಪೂರ್ತಿ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೀವು ದುಡ್ಡು ಕೊಡುವುದು ಅಂದಕ್ಕಲ್ಲ, ಬಿರುಕು ಮುಂದಕ್ಕೆ ಓಡದ ಹಾಗೆ ತಡೆಯುವುದಕ್ಕೆ.

ಅಲ್ಲಿಯವರೆಗೆ ಚಿಪ್ ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ಒಳಗೆ ಧೂಳು, ನೀರು ಸೇರಿದರೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಫೆವಿಕ್ವಿಕ್ ಹಾಕಲೇಬೇಡಿ. ಬಿಸಿಲಲ್ಲಿ ಕಾದ ಗಾಜಿಗೆ ತಣ್ಣೀರು ಸುರಿಯುವುದು, ಎಸಿ ಗಾಳಿಯನ್ನು ನೇರ ಗಾಜಿಗೆ ತಿರುಗಿಸುವುದು ಬೇಡ. ಹಾಗೆ ಮಾಡಿದರೆ ರಾತ್ರಿ ಕಳೆಯುವುದರೊಳಗೆ ಬಿರುಕು ಗೇಣುದ್ದ ಆಗಿಬಿಡಬಹುದು.

ಚಿಪ್‌ನ ಅಳತೆಗಿಂತ ಅದು ಎಲ್ಲಿದೆ ಅನ್ನುವುದು ಮುಖ್ಯ. ಡ್ರೈವರ್ ಕಣ್ಣಿನ ನೇರಕ್ಕಿದ್ದರೆ ರಾತ್ರಿ ಎದುರು ಬರುವ ಗಾಡಿಯ ಬೆಳಕು ಆ ಚುಕ್ಕೆಯಲ್ಲಿ ಚದುರುತ್ತದೆ. ಗಾಜಿನ ಅಂಚಿಗೆ ತಾಗಿದ್ದರೆ ತುಂಬಿಸಿದ ಮೇಲೂ ಬಿರುಕು ಬಿಡುವ ಸಾಧ್ಯತೆ ಹೆಚ್ಚು. ಇವೆರಡರಲ್ಲೂ, ಒಳಗಿನ ಗಾಜೂ ಒಡೆದಿದ್ದರೂ, ಬದಲಿಸುವುದೇ ಸರಿ. ನಿಮ್ಮದು ಅಂಚಿನಿಂದ ದೂರ ಇದೆ ಅಂದುಕೊಂಡು ಹೇಳುತ್ತಿದ್ದೇನೆ.

ಇನ್ನು ಇನ್ಶೂರೆನ್ಸ್. ತುಂಬಿಸುವ ಖರ್ಚು ಸಾಮಾನ್ಯವಾಗಿ ಸಾವಿರದ ಆಸುಪಾಸು. 1500 ಸಿಸಿವರೆಗಿನ ಕಾರಿಗೆ ಕ್ಲೇಮಿನಲ್ಲಿ ಮೊದಲ 1000 ರೂಪಾಯಿ ಹೇಗೂ ನಮ್ಮ ಕೈಯಿಂದಲೇ ಹೋಗುತ್ತದೆ. ಇಷ್ಟಕ್ಕೆ ಕ್ಲೇಮ್ ಮಾಡಿ, ಐದು ವರ್ಷ ಕಾಪಾಡಿಕೊಂಡ 50% ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕಳೆದುಕೊಳ್ಳುವುದು ಯಾವ ಲೆಕ್ಕ?

ಮುಂದೆ ಬದಲಿಸಲೇಬೇಕಾಗಿ ಬಂದರೆ, ಒಳಗಿನ ಕನ್ನಡಿಯ ಹಿಂದೆ ಎಡಾಸ್ (ಡ್ರೈವರ್‌ಗೆ ನೆರವಾಗುವ ಸುರಕ್ಷತಾ ವ್ಯವಸ್ಥೆ) ಕ್ಯಾಮೆರಾ ಇದೆಯಾ ನೋಡಿ. ಇದ್ದರೆ ಹೊಸ ಗಾಜು ಕೂರಿಸಿದ ಮೇಲೆ ಅದರ ಕ್ಯಾಲಿಬ್ರೇಷನ್, ಅಂದರೆ ನೋಟ ಸರಿಹೊಂದಿಸುವುದು, ಆಗಲೇಬೇಕು, ಎಸ್ಟಿಮೇಟಿನಲ್ಲಿ ಬರೆಸಿಕೊಳ್ಳಿ. ಹಳೆಯ ಗಾಜಿನ ಜೊತೆ ಫಾಸ್ಟ್ಯಾಗ್ ಕೂಡ ಹೋಗುತ್ತದೆ. ಕಿತ್ತರೆ ಕೆಲಸಕ್ಕೆ ಬರುವುದಿಲ್ಲ, ಟೋಲಿಗೆ ಹೋಗುವ ಮುಂಚೆ ಬ್ಯಾಂಕಿನಿಂದ ಹೊಸದನ್ನು ತರಿಸಿಕೊಳ್ಳಿ.