ಸುಳ್ಳಿಲ್ಲದ ಸುದ್ದಿಯಲ್ಲಿ ಬಿಟ್ಟುಹೋದ ಒಂದು ಸಾಲು

ಪತ್ರಿಕೋದ್ಯಮ ಓದಿ ಮುಗಿಸಿದ್ದೀರಿ, ಮಲೆನಾಡಿನಲ್ಲಿ ತಾಲ್ಲೂಕು ವರದಿಗಾರರ ಕೆಲಸಕ್ಕೆ ಕರೆ ಬಂದಿದೆ. ಪತ್ರಕರ್ತರು ತಮ್ಮ ಕೆಲಸವನ್ನು ನಿಜವಾಗಿ ಏನೆಂದುಕೊಂಡಿರುತ್ತಾರೆ, ತರಗತಿಯಲ್ಲಿ ಕಲಿತ ನೀತಿ ಸಂಹಿತೆ ಊರಲ್ಲಿ ನಡೆಯುತ್ತಾ ಅಂತ ಕೇಳಿದ್ದೀರಿ. ನಾನು ಸಾಗರ, ಸೊರಬ ಕಡೆ 22 ವರ್ಷದಿಂದ ವರದಿಗಾರ. ನನ್ನ ಅನುಭವದಿಂದ ಹೇಳುತ್ತೇನೆ.

2012ರಿಂದ 2016ರವರೆಗೆ 67 ದೇಶಗಳ 27,500ಕ್ಕೂ ಹೆಚ್ಚು ಪತ್ರಕರ್ತರಿಗೆ ಹೆಚ್ಚುಕಡಿಮೆ ಇದೇ ಪ್ರಶ್ನೆ ಕೇಳಿದ ಒಂದು ದೊಡ್ಡ ಅಧ್ಯಯನ ಇದೆ. ಭಾರತದವರೂ ಅದರಲ್ಲಿದ್ದರು. ‘ಇದ್ದದ್ದನ್ನು ಇದ್ದ ಹಾಗೆ ವರದಿ ಮಾಡುವುದೇ ನಮ್ಮ ಕೆಲಸ’ ಅನ್ನುವ ಉತ್ತರಕ್ಕೆ ಹೆಚ್ಚಿನ ಕಡೆ ದೊಡ್ಡ ಒಪ್ಪಿಗೆ ಸಿಕ್ಕಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ಕೇಳಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಈಗ ಅಷ್ಟು ಸಾಲದು ಅನ್ನಿಸುತ್ತದೆ. ಯಾಕೆ ಅಂತ ಹೇಳಬೇಕಾದರೆ ಒಂದು ಹಳೆಯ ಸುದ್ದಿಯ ಕತೆ ಹೇಳಬೇಕು.

ನಾನು ಸೇರಿದ ನಾಲ್ಕನೇ ವರ್ಷ. ಕಾಡಂಚಿನ ಒಂದು ಸಣ್ಣ ಊರು, ಹೆಚ್ಚೆಂದರೆ ಹದಿನೈದು ಮನೆ. ದರಗು, ಅಂದರೆ ಒಣಗಿ ಉದುರಿದ ಎಲೆ ತರಲು ಕಾಡಿಗೆ ಹೋಗಿದ್ದ ಒಬ್ಬರಿಗೆ ಜೋರು ಜ್ವರ ಬಂತು. ರಕ್ತಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಂತ ಖಚಿತವಾಯಿತು. ನಾನು ವೈದ್ಯರನ್ನು ಕೇಳಿದೆ, ಮನೆಯವರನ್ನು ಕೇಳಿದೆ, ಪಂಚಾಯ್ತಿಯವರನ್ನು ಕೇಳಿದೆ. ಒಂದು ಅಕ್ಷರವೂ ತಪ್ಪಿಲ್ಲದ ಹಾಗೆ ಬರೆದೆ. ಮರುದಿನ ಊರಿನ ಹೆಸರು ತಲೆಬರಹದಲ್ಲಿ ದಪ್ಪಕ್ಷರದಲ್ಲಿ ಬಂತು. ಬೈಲೈನ್, ಅಂದರೆ ಸುದ್ದಿಯ ಜೊತೆ ನನ್ನ ಹೆಸರೂ ಇತ್ತು. ನನಗೆ ತುಂಬಾ ಖುಷಿಯಾಗಿತ್ತು.

ಅದು ಅಡಿಕೆ ಕೊಯ್ಲಿನ ಸಮಯ. ಇಲ್ಲಿಯ ಕಷ್ಟವೇ ಅದು, ಮಂಗನ ಕಾಯಿಲೆಯೂ ಚಳಿಗಾಲದಲ್ಲೇ ಶುರುವಾಗಿ ಬೇಸಿಗೆ ಪೂರ್ತಿ ಇರುತ್ತದೆ. ಸುದ್ದಿ ಬಂದ ಮೇಲೆ ಆ ಊರಿಗೆ ಕೊನೆ (ಅಡಿಕೆ ಗೊನೆ) ತೆಗೆಯುವವರು ಬರಲಿಲ್ಲ. ಅಡಿಕೆ ಸುಲಿಯಲು ಪಕ್ಕದ ಊರಿಂದ ಬರುತ್ತಿದ್ದ ಹೆಂಗಸರೂ ಬರಲಿಲ್ಲ. ಕೆಂಪಡಿಕೆ ಮಾಡಬೇಕಾದರೆ ಕಾಯಿ ಹಸಿರಿರುವಾಗಲೇ ಕೊಯ್ಯಬೇಕು, ಅಲ್ವಾ? ಮರದಲ್ಲೇ ಹಣ್ಣಾಗುತ್ತಾ ಬಂತು. ಆ ಊರಿನ ಮಕ್ಕಳ ಪಕ್ಕ ಶಾಲೆಯಲ್ಲಿ ಯಾರೂ ಕೂರುತ್ತಿಲ್ಲ ಅಂತಲೂ ಕೇಳಿದೆ.

ಎರಡು ವಾರ ಬಿಟ್ಟು ನಾನು ಅಲ್ಲಿಗೆ ಹೋದಾಗ ಒಬ್ಬ ಹಿರಿಯರು ಜಗುಲಿಯಲ್ಲಿ ಕೂರಿಸಿ ಮೊದಲು ಕಾಫಿ ಕೊಟ್ಟರು. ಆಮೇಲೆ ಹೇಳಿದರು: “ನೀ ಬರ್ದಿದ್ದು ಸುಳ್ಳಲ್ಲ ಮಾರಾಯ. ಆದ್ರೆ ಇದು ಒಬ್ರಿಂದ ಒಬ್ರಿಗೆ ಅಂಟೋದಲ್ಲ ಅಂತ ಡಾಕ್ಟ್ರು ನಿನ್ ಎದ್ರಿಗೇ ಹೇಳಿದ್ರು. ಅದನ್ನ ಯಾಕೆ ಬರೀಲಿಲ್ಲ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಂಗನ ಕಾಯಿಲೆ ಉಣುಗು (ಉಣ್ಣೆ ಹುಳ) ಕಚ್ಚಿ ಬರುತ್ತದೆ. ರೋಗಿಯನ್ನು ಮುಟ್ಟಿದರೆ, ಅವರ ಜೊತೆ ಕೂತರೆ ಬರುವುದಿಲ್ಲ. ಡಾಕ್ಟ್ರು ಹೇಳಿದ್ದು ನನ್ನ ನೋಟ್‌ಬುಕ್ಕಿನಲ್ಲೂ ಇತ್ತು. ಸುದ್ದಿ ಉದ್ದವಾಗುತ್ತದೆ ಅಂತ ನಾನೇ ಬಿಟ್ಟಿದ್ದೆ. ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕ್‌ನವರು ತೆಗೆದಿದ್ದಲ್ಲ. ಆ ಒಂದು ಸಾಲಿದ್ದಿದ್ದರೆ ಸುಲಿಯುವ ಹೆಂಗಸರಾದರೂ ಬರುತ್ತಿದ್ದರೇನೋ. ತಿದ್ದುಪಡಿ ಹಾಕೋಣ ಅಂದರೆ ಸುದ್ದಿಯಲ್ಲಿ ತಪ್ಪೇ ಇಲ್ಲ! ಕಾಯಿಲೆ ಹೇಗೆ ಹರಡುತ್ತದೆ ಅಂತ ಬೇರೆಯೇ ಒಂದು ಬರಹ ಬರೆದೆ. ಅದು ಒಳಪುಟದಲ್ಲಿ ಬಂತು. ಎಷ್ಟು ಜನ ಓದಿದರೋ.

ಊರಿನ ಹೆಸರಿನ ಬಗ್ಗೆಯೂ ಅವತ್ತಿಂದ ಯೋಚಿಸುತ್ತಲೇ ಇದ್ದೇನೆ. 1957ರಲ್ಲಿ ಈ ಕಾಯಿಲೆ ಮೊದಲು ಗೊತ್ತಾಗಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈದ್ಯಕೀಯ ಪುಸ್ತಕಗಳಲ್ಲಿ ಇವತ್ತಿಗೂ ಕಾಯಿಲೆಗೆ ಆ ಜಾಗದ್ದೇ ಹೆಸರು. ಒಂದು ಊರಿಗೆ ಒಮ್ಮೆ ಅಂಟಿದ ಹೆಸರು ಸುಲಭಕ್ಕೆ ಹೋಗುವುದಿಲ್ಲ.

ಹಾಗಂತ ಹೆಸರು ಬರೆಯುವುದೇ ಬೇಡ ಅಂತ ನಾನು ಹೇಳುವುದಿಲ್ಲ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದೇ ಕಾಯಿಲೆ ಜೀವಗಳನ್ನು ತೆಗೆಯಲು ಶುರು ಮಾಡಿತು. ಆಗ ಊರಿನ ಹೆಸರು ಬರೆಯದೆ ಇದ್ದಿದ್ದರೆ ಅದೇ ದೊಡ್ಡ ತಪ್ಪಾಗುತ್ತಿತ್ತು. ಈಗ ನಾನು ಹೀಗೆ ಮಾಡುತ್ತೇನೆ. ಮಂಗ ಸತ್ತು ಬಿದ್ದ ಸುದ್ದಿಯನ್ನು ತಡಮಾಡದೆ, ಜಾಗದ ಹೆಸರು ಹಾಕಿಯೇ ಬರೆಯುತ್ತೇನೆ. ಸತ್ತ ಮಂಗನ ಮೈಯಿಂದ ಉಣುಗು ಉದುರಿ ಸುತ್ತ ಹರಡುತ್ತವೆ. ಆ ಕಡೆ ದರಗಿಗೆ, ಸೌದೆಗೆ ಹೋಗುವವರಿಗೆ ಅವತ್ತೇ ಗೊತ್ತಾಗಬೇಕು. ಜ್ವರ ಬಂದ ಮನುಷ್ಯರ ವಿಷಯದಲ್ಲಿ ಮಾತ್ರ ಲ್ಯಾಬ್ ವರದಿಗೆ ಕಾಯುತ್ತೇನೆ. ‘ಶಂಕಿತ’ ಅಂತ ಸೇರಿಸಿದರೆ ಆಯ್ತಲ್ಲ ಅಂತ ಕೆಲವರು ಹೇಳುತ್ತಾರೆ. ಆ ಮಾತನ್ನು ನಾನು ನಂಬುವುದಿಲ್ಲ. ಓದುವವರ ಕಣ್ಣಿಗೆ ಆ ಪದ ಬೀಳುವುದೇ ಇಲ್ಲ.

ನೀತಿ ಅಂದರೆ ಸುಳ್ಳು ಬರೆಯದಿರುವುದು ಅಂತ ಹೊಸಬರು ಅಂದುಕೊಳ್ಳುತ್ತಾರೆ. ನಮ್ಮ ಕಡೆಯ ವರದಿಗಾರರಲ್ಲಿ ಬೇಕೆಂದೇ ಸುಳ್ಳು ಬರೆಯುವವರನ್ನು ನಾನು ನೋಡಿದ್ದು ಬಹಳ ಕಡಿಮೆ. ನಮಗೆ ಕಷ್ಟವಾಗುವುದು ಯಾವ ನಿಜವನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಅನ್ನುವಲ್ಲಿ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳನ್ನೇ ತಗೊಳ್ಳಿ. ಹೆಸರು ಹಾಕಬಾರದು ಅಂತ ಎಲ್ಲರಿಗೂ ಗೊತ್ತು. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಅದಕ್ಕಿಂತ ಮುಂದೆ ಹೋಗುತ್ತದೆ. ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ, ಹೀಗೆ ಗುರುತು ಹಿಡಿಯಲು ದಾರಿಯಾಗುವ ಯಾವುದನ್ನೂ ಹಾಕುವಂತಿಲ್ಲ. ಬೆಂಗಳೂರಿನಲ್ಲಿ ‘ಗಾರ್ಮೆಂಟ್ಸ್ ನೌಕರೆಯ ಮಗಳು’ ಅಂದರೆ ಯಾರೂ ಗುರುತು ಹಿಡಿಯಲಾರರು. ನಮ್ಮಲ್ಲಿ ಗುಡ್ಡಕ್ಕೊಂದು ಮನೆ. ‘ಅಂಗನವಾಡಿ ಸಹಾಯಕಿಯ ಮಗಳು, ಏಳನೇ ತರಗತಿ’ ಅಂತ ಬರೆದು ಹೋಬಳಿ ಹೆಸರು ಹಾಕಿದರೆ ಮುಗಿಯಿತು, ಮಧ್ಯಾಹ್ನದೊಳಗೆ ಇಡೀ ಹೋಬಳಿಗೆ ಮನೆ ಯಾವುದೆಂದು ಗೊತ್ತಾಗುತ್ತದೆ. ಎಷ್ಟೋ ಸಲ ನಾನು ತಾಲ್ಲೂಕಿನ ಹೆಸರನ್ನೂ ತೆಗೆದು ಬರೀ ಜಿಲ್ಲೆ ಹಾಕಿ ಕಳಿಸಿದ್ದೇನೆ. ‘ಜಾಗವೇ ಇಲ್ಲದ ಸುದ್ದಿ ಹೇಗೆ ಹಾಕೋದು’ ಅಂತ ಡೆಸ್ಕ್‌ನಿಂದ ಫೋನ್ ಬರುತ್ತದೆ. ಆಗ ಜಗಳ ಆಡಬೇಕಾಗುತ್ತದೆ. ಆಡಿ. ಆತ್ಮಹತ್ಯೆಯ ಸುದ್ದಿಯಲ್ಲೂ ಹಾಗೇ. ವಿಧಾನ ವಿವರಿಸಬೇಡಿ, ದೊಡ್ಡದು ಮಾಡಬೇಡಿ ಅಂತ ಭಾರತೀಯ ಪತ್ರಿಕಾ ಮಂಡಳಿ (ಪ್ರೆಸ್ ಕೌನ್ಸಿಲ್) 2019ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಅದನ್ನು ಓದಿಕೊಂಡೇ ಕೆಲಸಕ್ಕೆ ಬನ್ನಿ.

ಇನ್ನು ದುಡ್ಡಿನ ವಿಷಯ. ಇದನ್ನು ನಿಮಗೆ ಬೇರೆ ಯಾರಾದರೂ ಹೇಳುತ್ತಾರೋ ಇಲ್ಲವೋ, ನಾನು ಹೇಳುತ್ತೇನೆ.

ತಾಲ್ಲೂಕು ಮಟ್ಟದಲ್ಲಿ ತುಂಬಾ ಜನ ವರದಿಗಾರರಿಗೆ ಪೂರ್ಣ ಸಂಬಳ ಇಲ್ಲ. ಜಾಹೀರಾತು ತಂದರೆ ಅದರಲ್ಲಿ ಒಂದು ಪಾಲು ಕಮಿಷನ್ ಸಿಗುತ್ತದೆ. ಮನೆ ನಡೆಯುವುದು ಬಹಳಷ್ಟು ಅದರಿಂದಲೇ. ದೀಪಾವಳಿ ಪುರವಣಿ, ಗಣರಾಜ್ಯೋತ್ಸವದ ಪುರವಣಿ, ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಕಾಂಬಾ ಜಾತ್ರೆಯ ಪುರವಣಿ. ಶುಭಾಶಯದ ಜಾಹೀರಾತು ಕೊಡುವವರು ಯಾರು? ರಾಜಕಾರಣಿಗಳು, ಗುತ್ತಿಗೆದಾರರು, ಸಹಕಾರ ಸಂಘದವರು. ನಾವು ಸುದ್ದಿ ಬರೆಯಬೇಕಾದ್ದೂ ಇವರ ಬಗ್ಗೆಯೇ. ಬೆಳಿಗ್ಗೆ ಅವರ ಮನೆಯಲ್ಲಿ ಜಾಹೀರಾತು ಕೇಳಿ, ಸಂಜೆ ಅವರು ಮಾಡಿಸಿದ ರಸ್ತೆ ಕಿತ್ತುಹೋದ ಸುದ್ದಿ ಬರೆಯಬೇಕು.

ಒಂದು ಜಾತ್ರೆ ವರ್ಷ ನನಗೆ ಹೀಗೇ ಆಯಿತು. ಅರ್ಧ ಪುಟದ ಜಾಹೀರಾತು ಕೊಟ್ಟಿದ್ದ ಗುತ್ತಿಗೆದಾರರೊಬ್ಬರು ಕಟ್ಟಿಸಿದ ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ಮೊದಲ ಮಳೆಗೇ ಒಂದು ಬದಿ ಕುಸಿಯಿತು. ಮಕ್ಕಳು ಶಾಲೆಗೆ ಹೋಗುವ ದಾರಿ ಅದು. ನಾನು ಸುದ್ದಿ ಬರೆಯಲಿಲ್ಲ. ಫೋಟೊ, ವಿವರ ಎಲ್ಲವನ್ನೂ ಇನ್ನೊಂದು ಪತ್ರಿಕೆಯ ಗೆಳೆಯನಿಗೆ ಕೊಟ್ಟೆ. ಅವನ ಪತ್ರಿಕೆಯಲ್ಲಿ ಬಂತು, ಸಂಕವೂ ರಿಪೇರಿಯಾಯಿತು. ಕೆಲಸ ಆಯಿತಲ್ಲ ಅಂತ ಆಗ ಸಮಾಧಾನ ಮಾಡಿಕೊಂಡೆ. ಆದರೆ ದುಡ್ಡು ಕೊಟ್ಟು ನಮ್ಮ ಪತ್ರಿಕೆ ತರಿಸುವವರಿಗೆ ನಾನು ಮೋಸ ಮಾಡಿದ್ದೆ. ಈ ರೀತಿ ಸುದ್ದಿ ದಾಟಿಸುವುದು ನಮ್ಮಲ್ಲಿ ಜಾಸ್ತಿ ಇದೆ. ಅದನ್ನು ಒಳ್ಳೆಯ ದಾರಿ ಅಂತ ನಾನು ನಿಮಗೆ ಹೇಳಿಕೊಡಲಾರೆ. ಮುಂದಿನ ವರ್ಷದಿಂದ ಜಾಹೀರಾತಿನ ಕೆಲಸ ಬಿಟ್ಟೆ. ಹೆಂಡತಿಗೆ ಕೆಲಸ ಇತ್ತು, ಸ್ವಲ್ಪ ತೋಟವೂ ಇತ್ತು, ಅದಕ್ಕೇ ಬಿಡಲು ಆಯಿತು. ಬಿಡಲಾಗದ ಗೆಳೆಯರನ್ನು ನಾನು ಕೀಳಾಗಿ ನೋಡುವುದಿಲ್ಲ. ಅವರಿಗೆ ನೆಟ್ಟಗೆ ಸಂಬಳ ಕೊಡದವರ ಮೇಲೆ ನನಗೆ ಸಿಟ್ಟಿದೆ.

ಪತ್ರಿಕಾ ಮಂಡಳಿ ಏನು ಮಾಡುತ್ತದೆ ಅಂತಲೂ ಕೇಳಿದ್ದೀರಿ. 1966ರಲ್ಲಿ ಶುರುವಾಯಿತು, ತುರ್ತು ಪರಿಸ್ಥಿತಿಯಲ್ಲಿ ರದ್ದಾಯಿತು, 1978ರ ಕಾಯ್ದೆಯಿಂದ ಮತ್ತೆ ಬಂತು. ಓದುಗರು ದೂರು ಕೊಡಬಹುದು. ಮಂಡಳಿ ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ದಂಡ ಹಾಕುವಂತಿಲ್ಲ. ಟಿವಿ ಚಾನೆಲ್‌ಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ದಿನನಿತ್ಯದ ಕೆಲಸದಲ್ಲಿ ಅದು ನಮ್ಮನ್ನು ತಡೆಯುವುದು ಕಡಿಮೆ. ಜಗುಲಿಯಲ್ಲಿ ಕಾಫಿ ಕೊಟ್ಟು ಕೇಳುವವರೇ ಇಲ್ಲಿ ಜಾಸ್ತಿ ಲೆಕ್ಕಕ್ಕೆ ಬರುತ್ತಾರೆ.

ನಿಮ್ಮ ಕೆಲಸದ ವಿಷಯಕ್ಕೆ ಬರುತ್ತೇನೆ. ಒಪ್ಪಿಕೊಳ್ಳುವ ಮೊದಲು ಸಂಬಳ ಎಷ್ಟು ಅಂತ ಸುಮ್ನೆ ಕೇಳಿ ಬಿಡಬೇಡಿ. ಜಾಹೀರಾತಿನ ಗುರಿ ಇದೆಯಾ, ಅದು ಮುಟ್ಟದಿದ್ದರೆ ಏನಾಗುತ್ತದೆ ಅಂತ ಕೇಳಿ. ಮಾತಿನಲ್ಲಿ ಹೇಳಿದ್ದನ್ನು ಬರಹದಲ್ಲಿ ತಗೊಳ್ಳಿ. ನಿಮ್ಮ ಸುದ್ದಿಗೆ ತಲೆಬರಹ ಕೊಡುವವರ ನಂಬರ್ ಇಟ್ಟುಕೊಳ್ಳಿ, ಸೂಕ್ಷ್ಮ ಸುದ್ದಿ ಕಳಿಸಿದ ದಿನ ಅವರಿಗೇ ಫೋನ್ ಮಾಡಿ. ಡಿಸೆಂಬರಿನಲ್ಲಿ ಸೇರುವುದಾದರೆ ನಿಮ್ಮ ಮೊದಲ ಮಂಗನ ಕಾಯಿಲೆ ಸುದ್ದಿ ಬೇಗನೇ ಬರಬಹುದು. ಬರೆದ ಮೇಲೆ ನನಗೆ ಕಳಿಸಿದರೆ ಓದಿ ಹೇಳುತ್ತೇನೆ.