ಪಾರ್ಲರ್‌ಗೆ ಹೋಗದೆ ಮದುವೆಗೆ ಉಗುರಿನ ಡಿಸೈನ್? ಬಿದ್ರಿ ಮಾಡಿ ನೋಡಿ

ಕಲಬುರಗಿಯಲ್ಲಿ ತಮ್ಮನ ಮದುವೆ, ಮನೆಯಲ್ಲೇ ಉಗುರಿಗೆ ನೀಟಾದ ಡಿಸೈನ್ ಹಾಕಿಕೊಳ್ಳಬೇಕು, ಹರಳು-ಮಿಂಚು ಬೇಡ ಅಂತ ಕೇಳಿದ್ದೀರಿ. ನಾನು ಬೀದರ್‌ನವಳು, ಬೇರೆ ಏನು ಹೇಳಲಿ? ನಮ್ಮೂರಿನ ಬಿದ್ರಿ, ಅಂದರೆ ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸುವ ಕರಕುಶಲ ಕಲೆ, ಅದರ ಡಿಸೈನ್ ಹಾಕಿ. ಕಪ್ಪು ಉಗುರು, ಮೇಲೆ ಬೆಳ್ಳಿ ಗೆರೆ. ಶುಭಕಾರ್ಯಕ್ಕೆ ಕಪ್ಪಾ ಅಂತ ಹಿರಿಯರು ಮೂಗು ಮುರಿದರೆ ಕಡು ಮೆರೂನ್ ಹಚ್ಚಿ, ಅದೂ ನಡೆಯುತ್ತದೆ. ಬೆಳ್ಳಿ ಎದ್ದು ಕಾಣೋದು ಮಾತ್ರ ಕಪ್ಪಿನ ಮೇಲೆಯೇ.

ಪಾಲಿಶ್ ಹಚ್ಚೋ ಮುಂಚೆ ಬಿಸಿನೀರಲ್ಲಿ ಕೈ ನೆನೆಸಬೇಡಿ. ಉಗುರು ನೀರು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಆಗ ಪಾಲಿಶ್ ಅಂಚಿನಿಂದ ಏಳುತ್ತದೆ. ಒಣ ಉಗುರನ್ನೇ ಫೈಲ್‌ನಿಂದ ಒಂದೇ ದಿಕ್ಕಿಗೆ ಉಜ್ಜಿ. ಗಿಡ್ಡ ಉಗುರೇ ಇರಲಿ, ಈ ಡಿಸೈನ್‌ಗೆ ಉದ್ದ ಬೇಕಿಲ್ಲ. ಬುಡದ ಚರ್ಮ ಕತ್ತರಿಸಬೇಡಿ, ಸುಮ್ನೆ ಹಿಂದಕ್ಕೆ ತಳ್ಳಿದರೆ ಸಾಕು. ಆಮೇಲೆ ಪ್ರತಿ ಉಗುರನ್ನೂ ರಿಮೂವರ್ ಹತ್ತಿಯಿಂದ ಒರೆಸಿ. ಪಾಲಿಶ್ ಇಲ್ಲದಿದ್ದರೂ ಒರೆಸಲೇಬೇಕು, ಜಿಡ್ಡು ಇದ್ದರೆ ಏನೂ ನಿಲ್ಲೋದಿಲ್ಲ.

ಬೇಸ್ ಕೋಟ್, ಅದರ ಮೇಲೆ ಕಪ್ಪು ತೆಳ್ಳಗೆ ಎರಡು ಸಲ. ಬ್ರಷ್ಷನ್ನು ಉಗುರಿನ ತುದಿಯ ಅಂಚಿಗೂ ಒಮ್ಮೆ ಎಳೆಯಿರಿ, ಮೊದಲು ಕಿತ್ತುಬರೋದು ಅಲ್ಲೇ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಕೂತರೆ ಪಾಲಿಶ್ ಬ್ರಷ್‌ನಲ್ಲೇ ಅಂಟಂಟಾಗುತ್ತದೆ. ರಾತ್ರಿ ಊಟ ಆದಮೇಲೆ, ಫ್ಯಾನ್ ಆರಿಸಿ ಕೂತುಕೊಳ್ಳಿ. ಬಾಟಲಿಯಲ್ಲಿ ಗಟ್ಟಿಯಾಗಿದ್ದರೆ ರಿಮೂವರ್ ಸುರಿಯಬೇಡಿ, ಪಾಲಿಶ್ ಕೆಟ್ಟುಹೋಗುತ್ತದೆ. ಅದಕ್ಕೆ ಅಂತಲೇ ಥಿನ್ನರ್ ಸಿಗುತ್ತದೆ, ಎರಡು ಹನಿ ಸಾಕು.

ಈಗ ಮುಖ್ಯ ವಿಷಯ. ಬಿದ್ರಿಯಲ್ಲಿ ಸತುವು-ತಾಮ್ರದ ಪಾತ್ರೆಗೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಅನ್ನೋ ಲವಣ ಬೆರೆಸಿದ ನೀರಲ್ಲಿ ಕಪ್ಪಾಗಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಉಗುರಿನಲ್ಲೂ ಹಾಗೇ ಬರಬೇಕಾದರೆ ಕಪ್ಪಿನಲ್ಲಿ ಹೊಳಪು ಇರಬಾರದು. ಅದಕ್ಕೇ ಮ್ಯಾಟ್ ಟಾಪ್ ಕೋಟನ್ನು ಡಿಸೈನ್‌ಗಿಂತ ಮೊದಲು ಹಚ್ಚಿ, ಪೂರ್ತಿ ಒಣಗಿದ ಮೇಲೆ ಬೆಳ್ಳಿ ಮುಟ್ಟಿ. ಕೊನೆಗೆ ಹಚ್ಚಿದರೆ ಬೆಳ್ಳಿಯೂ ಮಂಕಾಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಬೆಳ್ಳಿ ಪಾಲಿಶ್ ಒಂದು ಹನಿ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಹಾಕಿಕೊಳ್ಳಿ. ಟೂತ್‌ಪಿಕ್ ತುದಿ ಅದ್ದಿ, ನಡುವೆ ಒಂದು ಚುಕ್ಕೆ, ಸುತ್ತ ಐದು ಚುಕ್ಕೆ ಇಡಿ. ಹಸಿ ಇರುವಾಗಲೇ ಸುತ್ತಲಿನ ಪ್ರತಿ ಚುಕ್ಕೆಯನ್ನೂ ನಡುವಿನ ಕಡೆಗೆ ಸ್ವಲ್ಪ ಎಳೆದರೆ ಎಸಳು ಆಗುತ್ತದೆ. ಹನಿ ಬೇಗ ಒಣಗುತ್ತದೆ, ಒಂದೆರಡು ಹೂವಿಗೆ ಒಂದು ಹೊಸ ಹನಿ ಬೇಕು. ಬಳ್ಳಿಗೆ ಸಣ್ಣ ಪೇಂಟ್ ಬ್ರಷ್ಷಿನ ಎರಡೋ ಮೂರೋ ಕೂದಲು ಉಳಿಸಿ ಮಿಕ್ಕಿದ್ದು ಕತ್ತರಿಸಿಬಿಡಿ. 2023ರಲ್ಲಿ ಪದ್ಮಶ್ರೀ ಪಡೆದ ನಮ್ಮೂರಿನ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರ ಹೂದಾನಿಗಳ ಫೋಟೊ ನೋಡಿ. ಅದರಲ್ಲಿನ ಒಂದು ಮೂಲೆ ಮಾತ್ರ ಎತ್ತಿಕೊಳ್ಳಿ, ಇಡೀ ಹೂದಾನಿ ಉಗುರಿಗೆ ಹಿಡಿಸೋದಿಲ್ಲ ಅಲ್ವಾ!

ಹೂವು ಉಂಗುರದ ಬೆರಳಿಗೆ ಮಾತ್ರ ಇರಲಿ. ಉಳಿದವಕ್ಕೆ ಬುಡದಲ್ಲಿ ಚುಕ್ಕೆಗಳ ಸಾಲು ಸಾಕು. ಬಲಗೈಗೆ ಎಡಗೈಯಲ್ಲಿ ಬಿಡಿಸಬೇಕು, ಅಲ್ಲಿ ಬಳ್ಳಿಯ ಸಾಹಸ ಬೇಡ.

ಮೆಹಂದಿ ಇದ್ದರೆ ಅದು ಮೊದಲು, ಪಾಲಿಶ್ ಮರುದಿನ. ಉಗುರಿನ ಸುತ್ತಲಿನ ಚರ್ಮಕ್ಕೆ ಮಾತ್ರ ವ್ಯಾಸಲೀನ್ ಸವರಿ, ಹೊರಗೆ ಹರಿದ ಪಾಲಿಶ್ ಟೂತ್‌ಪಿಕ್‌ನಲ್ಲೇ ಬಂದುಬಿಡುತ್ತದೆ. ಅಲ್ಲಿ ರಿಮೂವರ್ ಉಜ್ಜಿದರೆ ಮೆಹಂದಿ ಮಾಸುತ್ತದೆ.

ಇನ್ನು ಮದುವೆಮನೆಯಲ್ಲಿ ಯಾರಾದರೂ ಜೋಳದ ಹಿಟ್ಟು ಮುಂದಿಟ್ಟು ನಾಲ್ಕು ರೊಟ್ಟಿ ಬಡಿ ಅಂದರೆ ಎದ್ದು ಹೋಗಿ. ಬಿಸಿನೀರಿನ ಹಿಟ್ಟು ನಾದಿದರೆ ಮೇಲಿನ ಬೆಳ್ಳಿ ಉಳಿಯೋದಿಲ್ಲ. ತಪ್ಪಿಸಿಕೊಳ್ಳೋಕೆ ಆಗದಿದ್ದರೆ ಬೆಳ್ಳಿ ಬಾಟಲಿ, ಎರಡು ಟೂತ್‌ಪಿಕ್ ಪರ್ಸ್‌ನಲ್ಲಿ ಇರಲಿ, ಹೋದ ಚುಕ್ಕೆ ಅಲ್ಲೇ ಕೂತು ಮತ್ತೆ ಇಡಬಹುದು.